ಅಪ್ಪಿಯಾ ಕಂಡ ಬೆಳಕು

ಕಂಪನಿ ನಾಟಕಗಳ ಚಿತ್ರಪರದೆಗಳನ್ನು ಮೆಚ್ಚಿ ಬೆಳೆದವನಾದರೂ, ಜಿನೀವಾದ ರಂಗವಿನ್ಯಾಸಕ ಅಡಾಲ್ಫ್ ಅಪ್ಪಿಯಾನ (1862–1928) ಆಕ್ಷೇಪಣೆ ನನಗೆ ಸಮಂಜಸವೆನಿಸುತ್ತದೆ. ಪರದೆಯ ಮರಕ್ಕೆ ನೆರಳನ್ನೂ ಚಿತ್ರಕಾರನೇ ಬಳಿದಿರುತ್ತಾನೆ. ಮುಂದೆ ನಿಂತ ನಟನಿಗಾದರೋ ಮೈಯಿದೆ, ನಿಜವಾದ ನೆರಳಿದೆ. ಇವೆರಡೂ ಹೊಂದುವುದೆಂತು? (ವಾರ್ಷಿಕೋತ್ಸವಕ್ಕೆ ಬಾಡಿಗೆಯ ಪರದೆ ಹೊತ್ತು ತಂದ ನನ್ನ ಶಿಷ್ಯರಿಗೆ ಇದು ಬೇಗ ಹೊಳೆದೀತು!) ಆದುದರಿಂದ ಅವನು ಪರದೆಯನ್ನು ತೊರೆದು ಮೆಟ್ಟಿಲು, ಇಳಿಜಾರು, ಕಂಬಗಳನ್ನಷ್ಟೇ ಇರಿಸಿದ, ಉಳಿದುದನ್ನು ಸಂಗೀತದೊಡನೆ ಏರಿಳಿಯುವ ಬೆಳಕಿಗೆ ವಹಿಸಿದ. ಕಾಡನ್ನು ತೋರಿಸಬೇಕಿಲ್ಲ, ಕಾಡಿನೊಳಗಿನ ಮನುಷ್ಯನನ್ನು ತೋರಿಸಿದರೆ ಸಾಕೆಂಬುದು ಅವನ ನಿಲುವು.

ಜರ್ಮನಿಯ ವಾಗ್ನರನ ಸಂಗೀತನಾಟಕಗಳಿಗೆ ಅವನು ರೂಪಿಸಿದ ವಿನ್ಯಾಸಗಳನ್ನು ವಾಗ್ನರನ ವಿಧವೆ ಕೋಸಿಮಾ ತಿರಸ್ಕರಿಸಿದಳು. 1925ರಲ್ಲಿ ಬಾಸೆಲ್ ನಗರದಲ್ಲಿ ನಾಲ್ಕು ಭಾಗಗಳ ‘ರಿಂಗ್’ ಪ್ರದರ್ಶನವು ವಿರೋಧದಿಂದಾಗಿ ಎರಡಕ್ಕೇ ನಿಂತಿತು. ಕೊನೆಗೆ 1951ರಲ್ಲಿ, ವಾಗ್ನರನೇ ಕಟ್ಟಿಸಿದ ಬೈರಾಯ್ತಿನ ರಂಗಮಂದಿರದಲ್ಲಿ, ಕೋಸಿಮಾಳ ಮೊಮ್ಮಗ ವೀಲಾಂಡ್ ರಂಗವನ್ನು ಬರಿದುಮಾಡಿ ಬೆಳಕಿನಿಂದ ತುಂಬಿದ. ಅಪ್ಪಿಯಾ ತೀರಿಕೊಂಡು ಆಗ 23 ವರ್ಷ.