ಕೂವೆಮರದ ತುದಿಯ ಗಡಗಡೆ

ಹೆಸರಘಟ್ಟದಲ್ಲಿ ಕುಳಿತು ಹಡಗಿನ ಮಾತೆತ್ತುವುದನ್ನು ಕಂಡು ತಾವು ನಗಬಹುದು. ಇಲ್ಲಿಂದ ಘಟ್ಟವಿಳಿದು ಮಂಗಳೂರಿನ ಸಮುದ್ರವನ್ನು ಮುಟ್ಟಬೇಕಾದರೆ ರಸ್ತೆಯಲ್ಲಿ 300 ಕಿಲೋಮೀಟರಿಗೂ ಮಿಗಿಲು. ನಮ್ಮೂರಿನ ಜಲವೈಭವವೆಂದರೆ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿ, 1894ರಿಂದ ಬೆಂಗಳೂರಿನ ಬಾಯಾರಿಕೆಗೆ ನೀರು ಕೊಡಲಾರಂಭಿಸಿದ ಕೆರೆಯೊಂದೆ. ಆದರೆ ನಾನು ಹೇಳಹೊರಟಿರುವುದು ಹಡಗಿನ ಹಿರಿಮೆಯನ್ನಲ್ಲ. ಅದರ ಕಂಬದ ತುದಿಯಲ್ಲಿ ಸಿಕ್ಕಿಸಿದ ಒಂದು ಪುಟ್ಟ ಗಾಲಿಯ ಕಥೆಯನ್ನು. ಆ ಗಾಲಿಯನ್ನು ತಾವೆಲ್ಲರೂ ಬಲ್ಲಿರಿ. ಬಾವಿಯ ಮೇಲೆ ಕಿರುಗುಟ್ಟುತ್ತಿದ್ದ ಗಡಗಡೆಯೇ ಅದು. ಹಳೆಯ ರೇಡಿಯೋ ಪೆಟ್ಟಿಗೆಯ ಹಿಂದಲಗೆಯನ್ನು ಬಿಚ್ಚಿ ನೋಡಿದವರು ಅದರ ಮರಿಯನ್ನೂ ಕಂಡಿದ್ದಾರು: ನಿಲಯದ ಮುಳ್ಳನ್ನು ಆಚೀಚೆ ಸರಿಸುವ ದಾರ ಓಡಾಡುತ್ತಿದ್ದುದು ಇಂಥವೇ ಕಿರುಗಾಲಿಗಳ ಮೇಲೆ.

ಹಾಯಿ ಕಟ್ಟುವ ಕಂಬಕ್ಕೆ ಕನ್ನಡದಲ್ಲಿ ಕೂವೆಮರವೆಂದು ಹೆಸರು. ಅಮರಸಿಂಹನು ತನ್ನ ಕೋಶದಲ್ಲಿ ಅದಕ್ಕೆ ಎರಡು ಶಬ್ದಗಳನ್ನು ಕೊಟ್ಟಿದ್ದಾನೆ: ಒಂದು ಕೂಪಕ, ಇನ್ನೊಂದು ಗುಣವೃಕ್ಷಕ. ಗುಣವೆಂದರೆ ಇಲ್ಲಿ ಸದ್ಗುಣವಲ್ಲ, ಹಗ್ಗ. ಹಗ್ಗಗಳ ಮರವೆಂದು ತಾತ್ಪರ್ಯ. ಕೂಪಕವೆಂಬುದಕ್ಕಾದರೋ ಸಣ್ಣ ಬಾವಿ ಎಂಬ ಅರ್ಥವೂ ಉಂಟು. ಬಾವಿಗೂ ಕೂವೆಗೂ ಒಂದೇ ಶಬ್ದ ಹೇಗೆ ಬಂದಿತೆಂಬ ಚರ್ಚೆ ಇಲ್ಲಿ ಬೇಡ. ಗಡಗಡೆಯ ಮಟ್ಟಿಗೆ ನೋಡಿದರೆ ಎರಡೂ ನೆಂಟರೇ ಸರಿ.

ನಮ್ಮ ಪಡುಗಡಲಿನ ಮಚವೆ, ಪತ್ತೆಮಾರಿ, ಮಂಜಿಗಳ ಹಾಯಿ ಮುಮ್ಮೂಲೆಯದು, ಇಲ್ಲವೆ ಅದಕ್ಕೆ ಸಮೀಪದ್ದು. ಅದನ್ನು ಒಂದು ಉದ್ದನೆಯ ಅಡ್ಡಮರಕ್ಕೆ ಬಿಗಿದು, ಆ ಮರವನ್ನು ಹಾಯಿಯ ಸಮೇತ ಕೂವೆಯ ತುದಿಗೆ ಎಳೆದೇರಿಸಬೇಕು. ಎಳೆಯುವ ಹಗ್ಗ ತುದಿಯ ಗಾಲಿಯ ಮೇಲೆ ಹಾಯ್ದು ಕೆಳಗಿಳಿಯುತ್ತದೆ. ಈಗ ಸ್ವಲ್ಪ ಲೆಕ್ಕ ಹಾಕಿರಿ. ಅಡ್ಡಮರವೂ ಹಾಯಿಯೂ ಸೇರಿ ಹತ್ತು ಮಣ ತೂಗಿದರೆ, ಈಚೆಗಡೆ ಎಳೆಯುವವರೂ ಹತ್ತು ಮಣದ ಬಲ ಹಾಕಬೇಕು. ಗಾಲಿಯ ನಡುವಣ ಅಚ್ಚಿನ ಮೇಲೆ ಬೀಳುವ ಭಾರ ಇಪ್ಪತ್ತು ಮಣ! ಇಷ್ಟು ಹೊರೆಯನ್ನು ಹೊರುವುದು ಬೆರಳೆರಡರ ದಪ್ಪದ ಒಂದು ಗೂಟ. ಹಗ್ಗದ ಎರಡು ಎಳೆಗಳೂ ಕೆಳಕ್ಕೆ ಜಗ್ಗುವುದರಿಂದ ಗಾಲಿಯು ಅಚ್ಚಿನ ಮೇಲುಮೈಯನ್ನೇ ಒತ್ತುತ್ತದೆ, ಅಲ್ಲಿಯೇ ಸವೆಯುತ್ತದೆ. ಅಚ್ಚನ್ನು ಅರ್ಧ ಸುತ್ತು ತಿರುಗಿಸಿ ಹಾಕಿದರೆ ಇನ್ನಷ್ಟು ಕಾಲ ಬಾಳೀತು. ಅದೂ ಸವೆದರೆ ಹೊಸದನ್ನೇ ಹಾಕಬೇಕು. ಹಾಕದಿದ್ದರೆ? ಎಂದೋ ಒಂದು ದಿನ ಗಾಳಿ ಎದ್ದಾಗ ಅಡ್ಡಮರ ಆಳುಗಳ ತಲೆಯ ಮೇಲೆ ಬರುತ್ತದೆ.

ಈ ಬದಲಾವಣೆಯ ಕೆಲಸಕ್ಕೆ ನಮ್ಮ ಕರಾವಳಿಯಲ್ಲಿ ಕಾಲ ನಿಗದಿಯಾಗಿತ್ತು. ಮುಂಗಾರು ಮುರಿದುಕೊಂಡು ಬೀಳುವ ಮೊದಲೆ ಹಡಗುಗಳನ್ನು ಹೊಳೆಯ ಬಾಯಿಯೊಳಕ್ಕೆ ತಂದು, ದಡಕ್ಕೆಳೆದು, ತೆಂಗಿನ ಮಡಲಿನ ಚಪ್ಪರ ಹೊದಿಸುತ್ತಿದ್ದರು. ಶ್ರಾವಣದ ನೂಲಹುಣ್ಣಿಮೆಗೆ ಕಡಲಿಗೆ ಕಾಯಿ ಅರ್ಪಿಸಿದ ಮೇಲೆಯೇ ಪುನಃ ಯಾನ. ನಡುವಣ ಮಳೆಗಾಲ ಆಚಾರಿಯದು. ಬಿರುಕು ಬಿಟ್ಟ ಗಾಲಿ, ಸವೆದ ಅಚ್ಚು, ಅಡ್ಡಮರವನ್ನು ಕೂವೆಗೆ ತಬ್ಬಿಸುವ ಹಗ್ಗದ ಬಳೆ, ಇವನ್ನೆಲ್ಲ ನೋಡಿ ಬದಲಿಸಲು ಅದಕ್ಕಿಂತ ಒಳ್ಳೆಯ ಬಿಡುವು ಯಾವುದು?

ಬದಲಿಸುವ ಸಾಮಗ್ರಿಯೂ ಹತ್ತಿರದಲ್ಲಿಯೇ ದೊರೆಯುತ್ತಿತ್ತು. ಕೂವೆಗೆ ಬೇಕಾದ ನೆಟ್ಟನೆಯ, ಹಗುರವಾದ ಮರ ಘಟ್ಟದ ಸುರಹೊನ್ನೆಯ ಜಾತಿಯದು. ಇಂಗ್ಲಿಷರು ಅದನ್ನು ‘ಪೂನ್’ ಎಂದು ಕರೆದು, ದಕ್ಷಿಣ ಕನ್ನಡ, ಕೊಡಗುಗಳ ಕಾಡಿನಲ್ಲಿ ಅರಸಿ ಕಡಿದರು. ಮದರಾಸಿನ ಅರಣ್ಯಾಧಿಕಾರಿ ಹ್ಯೂ ಕ್ಲೆಘಾರ್ನ್ 1861ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಮರದ ವಿಚಾರವಿದೆ. ಹಗ್ಗವಾದರೋ ಅಮಿನ್‌ದಿವಿ ದ್ವೀಪಗಳ ತೆಂಗಿನ ನಾರಿನದು. 1799ರ ಬಳಿಕ ಆ ದ್ವೀಪಗಳು ಕಂಪೆನಿಯ ಕೈಗೆ ಬಂದುವು. 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವು. ದ್ವೀಪದವರು ನಾರನ್ನು ಮಂಗಳೂರಿಗೆ ತಂದು ಸರಕಾರಕ್ಕೇ ಒಪ್ಪಿಸಿ ಅಕ್ಕಿ ಒಯ್ಯಬೇಕಾಗಿತ್ತು. ಬೆಲೆ ಕಟ್ಟುವವನು ಒಬ್ಬನೇ ಆದಾಗ ಮಾರುವವನ ಪಾಡೇನೆಂಬುದನ್ನು ಬೇರೆ ಹೇಳಬೇಕೆ? ಅವರು ಹೊಸೆದ ಹುರಿ ಮಾತ್ರ ಉಪ್ಪುನೀರಿಗೆ ಜಗ್ಗುತ್ತಿರಲಿಲ್ಲ.

ಮರಕ್ಕೂ ನಾರಿಗೂ ಉಪ್ಪು ಅಷ್ಟೇನೂ ಹಗೆಯಲ್ಲ. ಅದರ ನಿಜವಾದ ಹಗೆತನ ಲೋಹದೊಡನೆ. ಇಲ್ಲಿ ನಮ್ಮ ಮೈಸೂರಿನ ಇತಿಹಾಸವೂ ಬಂದು ಸೇರುತ್ತದೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಕರಾವಳಿ ದಕ್ಕಿತು. ಅವನು ನೌಕಾಬಲವನ್ನು ಕೂಡಿಸಿದ. 1780ರ ಡಿಸೆಂಬರಿನಲ್ಲಿ ಎಡ್ವರ್ಡ್ ಹ್ಯೂಸನ ಇಂಗ್ಲಿಷ್ ಪಡೆ ಮಂಗಳೂರಿನ ರೇವಿನಲ್ಲಿಯೇ ಅದನ್ನು ಹಾಳುಗೆಡವಿತು. ಟಿಪ್ಪು ಮತ್ತೆ ನಲವತ್ತು ಹಡಗುಗಳ ಹಂಚಿಕೆ ಹಾಕಿ, ಅವುಗಳ ತಳಕ್ಕೆ ತಾಮ್ರ ಹೊದಿಸಬೇಕೆಂದು ಆಜ್ಞಾಪಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು, ಹಂಚಿಕೆಯೂ ಮುಗಿಯಿತು.

ತಾಮ್ರದ ತಳವೆಂದರೆ ಹುಳ ಕೊರೆಯದು, ಪಾಚಿ ಹತ್ತದು. ಆದರೆ ಅದರ ಕಷ್ಟವನ್ನು ಇಂಗ್ಲೆಂಡು ಆ ಮೊದಲೆ ಉಂಡಿತ್ತು. 1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಗೆ ತಾಮ್ರ ಹೊದಿಸಿದರು. ಕೆಲವು ವರ್ಷಗಳಲ್ಲಿ ಬಿಚ್ಚಿ ನೋಡುತ್ತಾರೆ: ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಹಿಟ್ಟಾಗಿ ಹೋಗಿವೆ! ತಗಡಿಗೆ ಸುತ್ತಿ ಬಂದಿದ್ದ ಕಂದು ಕಾಗದ ಎಲ್ಲಿ ಹರಿಯದೆ ನಡುವೆ ಉಳಿದಿತ್ತೋ ಅಲ್ಲಿ ಮಾತ್ರ ಮೊಳೆ ಗಟ್ಟಿಯಾಗಿತ್ತು. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಮೈತಾಗಿಸಿದರೆ ವಿದ್ಯುತ್ತು ಹರಿದು ಒಂದನ್ನೊಂದು ತಿನ್ನುತ್ತದೆಂಬ ಶಾಸ್ತ್ರ ಆಗಿನ್ನೂ ಹುಟ್ಟಿರಲಿಲ್ಲ. 1780ರ ದಶಕದಲ್ಲಿ ಇಂಗ್ಲಿಷ್ ನೌಕಾಪಡೆ ಕಬ್ಬಿಣದ ಮೊಳೆಗಳಿಗೆ ಬದಲಾಗಿ ತಾಮ್ರ ಬೆರೆತ ಲೋಹದ ಮೊಳೆಗಳನ್ನು ಜಡಿಯಿತು. ಹಡಗಿಗೆ ಹಡಗೇ ಉಳಿದದ್ದು ಮೊಳೆ ಬದಲಾದುದರಿಂದ. ಚರಿತ್ರೆಯ ಪುಸ್ತಕಗಳು ಫಿರಂಗಿಗಳನ್ನು ಎಣಿಸುವಷ್ಟು ಆಸ್ಥೆಯಿಂದ ಮೊಳೆಗಳನ್ನು ಎಣಿಸುವುದಿಲ್ಲ; ನನ್ನ ಮಟ್ಟಿಗೆ ಅದು ದೊಡ್ಡ ಕೊರತೆ.

ಅದೇ ರೋಗ ಇಂದಿನ ಹಾಯಿದೋಣಿಗೂ ಅಂಟಿಕೊಂಡಿದೆ. ಕೂವೆ ಈಗ ಅಲ್ಯೂಮಿನಿಯಮ್ಮಿನದು, ಅದಕ್ಕೆ ಬಿಗಿಯುವ ತಿರುಪು ತುಕ್ಕುಹಿಡಿಯದ ಉಕ್ಕಿನದು. ನಡುವೆ ಬೇರ್ಪಡಿಸುವ ಲೇಪವಿಲ್ಲದಿದ್ದರೆ ಅಲ್ಯೂಮಿನಿಯಮ್ ಬಿಳಿ ಪುಡಿಯಾಗಿ ಉದುರುತ್ತದೆ. ನಮ್ಮ ಸೇನೆಯ ಇಂಜಿನಿಯರುಗಳ ದಳದವರು ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ 1985ರ ಸೆಪ್ಟೆಂಬರಿನಲ್ಲಿ ಹೊರಟು, ಭೂಮಂಡಲವನ್ನು ಸುತ್ತಿ, 1987ರ ಜನವರಿಯಲ್ಲಿ ಮುಂಬಯಿಗೆ ಬಂದರು. ಅಂಥ ಯಾನದಲ್ಲಿ ಕೂವೆಯನ್ನು ನಾಲ್ದೆಸೆಗೆ ಬಿಗಿದು ನಿಲ್ಲಿಸುವ ತಂತಿಗಳ ಬುಡದಲ್ಲಿ ಇರುವುದು ಕಿರುಬೆರಳ ಗಾತ್ರದ ಪಿನ್ನು. ಅದು ಜಾರದಂತೆ ತಡೆಯುವುದು ತುದಿ ಸೀಳಿ ಬಗ್ಗಿಸಿದ ಇನ್ನೊಂದು ಸಣ್ಣ ಪಿನ್ನು. ಸೀಳುಪಿನ್ನನ್ನು ಒಮ್ಮೆ ಬಿಚ್ಚಿದರೆ ಮತ್ತೆ ಹಾಕಬಾರದು. ಬಗ್ಗಿ ನೆಟ್ಟಗಾದ ಲೋಹ ಮೂರನೆಯ ಸಲ ಮುರಿಯುತ್ತದೆ.

ಕೂವೆಯ ತುದಿಯ ಹಗ್ಗವನ್ನು ಬದಲಿಸುವಾಗಲೂ ಒಂದು ಜಾಣ್ಮೆಯಿದೆ. ಹಳೆಯದನ್ನು ಮೊದಲು ಎಳೆದುಬಿಟ್ಟರೆ ಹೊಸದನ್ನು ಗಾಲಿಯ ಮೇಲೆ ಹಾಯಿಸಲು ಒಬ್ಬ ಮನುಷ್ಯ ಕಂಬದ ತುದಿಗೆ ಏರಲೇಬೇಕು. ಆದ್ದರಿಂದ ಹೊಸ ಹಗ್ಗದ ತುದಿಯನ್ನು ಹಳೆಯದರ ತುದಿಗೆ ಗಂಟಿನ ಉಬ್ಬಿಲ್ಲದಂತೆ ಹೊಲಿದು, ಮೆಲ್ಲಗೆ ಎಳೆಯುತ್ತಾರೆ. ಹಳೆಯದು ಇಳಿಯುತ್ತ ಹೊಸದನ್ನು ತನ್ನ ದಾರಿಯಲ್ಲಿಯೇ ಮೇಲಕ್ಕೆ ಕರೆದೊಯ್ಯುತ್ತದೆ.