ಸುಶ್ರುತಸಂಹಿತೆಯಲ್ಲಿ ‘ಕುಶ’ ಶಬ್ದವೂ ಭಗ್ನಾಂಗಬಂಧನವೂ

ಕುಶವೆಂದರೆ ದರ್ಭೆಯೆಂಬುದು ಕಾವ್ಯವ್ಯಾಸಂಗದಿಂದ ಎಲ್ಲರಿಗೂ ಪರಿಚಿತವಾದ ಅರ್ಥ. ಆದರೆ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 3ನೆಯ ಅಧ್ಯಾಯದಲ್ಲಿ ಈ ಅರ್ಥವನ್ನೇ ಹಿಡಿದರೆ ಮುರಿದ ಮೂಳೆಯನ್ನು ಹುಲ್ಲಿನಿಂದ ಕಟ್ಟಿದಂತಾಗುವುದು. ಅಲ್ಲಿ ಕುಶಕ್ಕಾಗಿ ಹಿಪ್ಪೆ, ಅತ್ತಿ, ಅರಳಿ, ಮುತ್ತುಗ, ಮತ್ತಿ ಮೊದಲಾದ ಮರಗಳ ತೊಗಟೆಯನ್ನೂ ಬಿದಿರನ್ನೂ ಸಂಗ್ರಹಿಸಬೇಕೆಂದು ವಿಧಿಸಿದೆ. ಇದರಿಂದ ಕುಶವು ಭಗ್ನಾಂಗವನ್ನು ಅಲುಗದಂತೆ ಹಿಡಿಯುವ ದಬ್ಬೆಯೆಂಬುದು ಸಿದ್ಧವಾಗುತ್ತದೆ.

ದಬ್ಬೆಯನ್ನು ಕಟ್ಟುವುದರಲ್ಲಿಯೂ ಆಚಾರ್ಯನ ವಿವೇಕವು ಕಾಣಬರುತ್ತದೆ. ಕಟ್ಟು ಸಡಿಲವಾದರೆ ಸಂಧಿಯು ನಿಲ್ಲದು. ಅತಿಯಾಗಿ ಬಿಗಿದರೆ ಬಾವು, ನೋವು, ಚರ್ಮದ ಕೀವು ಉಂಟಾಗುವುವು. ತಂಪಾದ ಋತುವಿನಲ್ಲಿ 7 ದಿನಕ್ಕೊಮ್ಮೆ, ಸಾಧಾರಣ ಋತುವಿನಲ್ಲಿ 5 ದಿನಕ್ಕೊಮ್ಮೆ, ಬೇಸಗೆಯಲ್ಲಿ 3 ದಿನಕ್ಕೊಮ್ಮೆ ಕಟ್ಟನ್ನು ಬದಲಿಸತಕ್ಕದ್ದು. ಕಾಲು ತೊಡೆಗಳು ಮುರಿದವನಿಗೆ ಹಲಗೆಯ ಹಾಸಿಗೆಯನ್ನೂ, ಸಂಧಿಯ ಇಕ್ಕೆಲಗಳಲ್ಲಿ ಎರಡೆರಡು, ಅಂಗಾಲಿನಲ್ಲಿ ಒಂದು, ಹೀಗೆ 5 ಗೂಟಗಳನ್ನೂ ಹೇಳಿದೆ. ದಬ್ಬೆಯ ದ್ರವ್ಯವು ಒಂದೇ ಆದರೂ ಕಟ್ಟು ಅವಯವಕ್ಕೂ ಕಾಲಕ್ಕೂ ಅನುಗುಣವಾಗಿರಬೇಕೆಂಬುದೇ ಇದರ ತಾತ್ಪರ್ಯ.

ಚಿಕಿತ್ಸೆಯು ಬಂಧನದೊಡನೆ ಮುಗಿಯುವುದಿಲ್ಲ. ಅಂಗೈ ಮುರಿದವನು ಮೊದಲು ಮಣ್ಣಿನ ಉಂಡೆಯನ್ನೂ ಬಳಿಕ ಉಪ್ಪಿನ ಗಟ್ಟಿಯನ್ನೂ ಹಿಡಿದು, ಕೈಗೆ ಬಲ ಬಂದ ಮೇಲೆ ಕಲ್ಲನ್ನು ಹಿಡಿಯಬೇಕು. ಮೂಳೆ ಕೂಡಿದ ಮಾತ್ರಕ್ಕೆ ಕೈಯು ಕೈಯಾಗದು. ಅದು ತನ್ನ ಕೆಲಸಕ್ಕೆ ಮರಳಿದಾಗಲೇ ಚಿಕಿತ್ಸೆಯು ಸಾರ್ಥಕವಾಗುವುದು.

ಇದೇ ಸಂಹಿತೆಯ ಸೂತ್ರಸ್ಥಾನದ ಯುಕ್ತಸೇನೀಯಾಧ್ಯಾಯವು ದಂಡಿನಲ್ಲಿ ವೈದ್ಯನ ಬಿಡಾರವು ರಾಜನ ಬಿಡಾರಕ್ಕೆ ಸಮೀಪದಲ್ಲಿರಬೇಕೆನ್ನುತ್ತದೆ. ಆದರೆ ಅಲ್ಲಿಯ ಮುಖ್ಯಚಿಂತೆ ರಾಜರಕ್ಷಣೆ. ಗಾಯಗೊಂಡ ಕಾಲಾಳಿಗೆ ದಬ್ಬೆ ಕಟ್ಟುವ ಪ್ರತ್ಯೇಕ ಏರ್ಪಾಟನ್ನು ಆ ಅಧ್ಯಾಯದಿಂದ ಊಹಿಸುವುದು ಯುಕ್ತವಲ್ಲ.

ಅಂತಹ ಏರ್ಪಾಟು ಮೊದಲನೆಯ ಮಹಾಯುದ್ಧದ ಕಾಲದ ಇಂಗ್ಲೆಂಡಿನಲ್ಲಿ ಸ್ಪಷ್ಟವಾಗಿ ತೋರುತ್ತದೆ. ಲಂಡನ್ನಿನ ಶೆಫರ್ಡ್ಸ್ ಬುಷ್‌ನಲ್ಲಿ ರಾಬರ್ಟ್ ಜೋನ್ಸರ ಪ್ರಯತ್ನದಿಂದ 1916ರಲ್ಲಿ ನಡೆಯತೊಡಗಿದ ಸೈನಿಕ ಅಸ್ಥಿಚಿಕಿತ್ಸಾಲಯದಲ್ಲಿ, ಗಾಯಾಳುಗಳು ಕಾರ್ಯಾಗಾರದ ಕೈಕೆಲಸದಿಂದಲೇ ಬಿಗಿದ ಅವಯವಗಳನ್ನು ಪಳಗಿಸಿಕೊಂಡರು. ಇದು ಸುಶ್ರುತನಿಂದ ಬಂದ ಪರಂಪರೆಯೆಂದು ಹೇಳಲು ಆಧಾರವಿಲ್ಲ. ಹಾಗೆ ಹೇಳಿದರೆ ಇಬ್ಬರಿಗೂ ಅನ್ಯಾಯ. ಹಿಡಿದು ನಿಲ್ಲಿಸುವುದು ಮತ್ತೆ ಬಿಟ್ಟು ದುಡಿಸುವುದಕ್ಕಾಗಿಯೇ ಎಂಬ ಒಂದೇ ತತ್ತ್ವವನ್ನು ಎರಡು ಕಾಲಗಳು ಬೇರೆಬೇರೆಯಾಗಿ ಕಂಡುಕೊಂಡುವು. ಒಂದು ಶಬ್ದದ ಅರ್ಥವನ್ನು ಪ್ರಕರಣಕ್ಕೆ ತಕ್ಕಂತೆ ತಿಳಿದಲ್ಲದೆ ಆ ತತ್ತ್ವವು ಗ್ರಂಥದಲ್ಲಿದ್ದರೂ ಓದುವವನಿಗೆ ಕಾಣದು.