ಚೀಲ ಹೊತ್ತವರ ಚರಿತ್ರೆ

ಹುಬ್ಬಳ್ಳಿಯ ವಿದ್ಯಾನಗರದಾಗ, ಧಾರವಾಡದ ಸಪ್ತಾಪುರದಾಗ ಊಟದ ಹೊತ್ತಿಗೆ ಬೆನ್ನಿಗೆ ಚೌಕ ಚೀಲ ಏರಿಸಿಕೊಂಡು ಬೈಕ್ ಓಡಿಸುವ ಹುಡುಗರನ್ನು ಕಂಪನಿಗಳು ಕಾರ್ಮಿಕರೆಂದು ಕರೆಯುವುದಿಲ್ಲ. 'ಪಾರ್ಟ್ನರ್' ಅಂತಾವ. ಅಂದರೆ ಪಾಲುದಾರ! ಬೈಕು ಇವನದು, ಪೆಟ್ರೋಲು ಇವನದು, ಮೊಬೈಲು ಇವನದು, ಬಿದ್ದರೆ ಮುರಿಯುವ ಕಾಲೂ ಇವನದೇ. ದರ ಕಟ್ಟುವ ಅಧಿಕಾರ ಮಾತ್ರ ಕಂಪನಿಯದು. ಡಿಗ್ರಿ ಮುಗಿಸಿ, ಪರೀಕ್ಷೆಗೆ ಓದುತ್ತ, ರೂಮಿನ ಬಾಡಿಗೆಗಾಗಿ ಈ ಚೀಲ ಹೊರುವ ನಮ್ಮ ಹುಡುಗರ ದುಡಿತಕ್ಕೆ 'ಸ್ವತಂತ್ರ ಕೆಲಸ' ಎಂದು ಹೆಸರಿಟ್ಟಿದ್ದಾರೆ. ಹೊಸ ಯುಗದ ಹೊಸ ಉದ್ಯೋಗ ಅಂತ ಪೇಪರಿನವರು ಬರೀತಾರ. ಹೊಸದೇನೈತ್ರಿ ಇದರಾಗ? ಧಣಿ ಯಾರೆಂದು ತೋರಿಸದೆ ದುಡಿಸಿಕೊಳ್ಳುವ ಹುನ್ನಾರಕ್ಕೆ ಈ ನೆಲದಲ್ಲಿ ಹಳೆಯ ಚರಿತ್ರೆಯಿದೆ.

ನಮ್ಮ ಮುತ್ತಜ್ಜಂದಿರು ಊರಚಾಕರಿ ಮಾಡಿದವರು. ಡಂಗುರ ಸಾರುವುದು, ಕಂದಾಯಕ್ಕೆ ರೈತರನ್ನು ಕರೆತರುವುದು, ಸಾಹೇಬರ ಗಂಟು ಹೊರುವುದು, ಸತ್ತ ದನ ಎಳೆಯುವುದು. ಇದಕ್ಕೆ ವತನದ ಹೆಸರಿನಲ್ಲಿ ಒಂದು ತುಂಡು ಹೊಲ. ಸುಗ್ಗಿಯಲ್ಲಿ ಕಣದ ಮೂಲೆಗೆ ನಿಂತು ಕೈಯೊಡ್ಡಿದರೆ ನಾಲ್ಕು ಬೊಗಸೆ ಕಾಳು. ಧಣಿ ಯಾರು? ಕೆಲಸ ಹೇಳುವಾಗ ಊರಿಗೆ ಊರೇ ಧಣಿ. ಕೂಲಿ ಕೇಳುವಾಗ ಒಬ್ಬನೂ ಧಣಿಯಲ್ಲ!

ಈ ಗಂಟನ್ನು ಕಾನೂನಿನ ಎದುರಿಗೆ ಬಿಚ್ಚಿಟ್ಟವರು ಬಾಬಾಸಾಹೇಬ ಅಂಬೇಡ್ಕರರು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. 1928ರಲ್ಲಿ ಅವರು ಮುಂಬಯಿ ಶಾಸನಸಭೆಯಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ತಂದರು. ಚಾಕರಿ ಏನೇನೆಂದು ಗೊತ್ತುಪಡಿಸಿರಿ. ಕಣದ ಕಾಳಿನ ಬದಲು ಹಣ ಕೊಡಿರಿ. ಆ ಹಣವನ್ನು ಕಂದಾಯದ ಜೊತೆಗೇ ಊರವರಿಂದ ವಸೂಲು ಮಾಡಿರಿ ಎಂಬುದು ಅದರ ಸಾರ. ಬೇಡುವ ಕೈಯನ್ನು ಹಕ್ಕಿನ ಕೈ ಮಾಡುವ ಪ್ರಯತ್ನ ಅದು. ಮಸೂದೆ ಗೆಲ್ಲಲಿಲ್ಲ. 1929ರಲ್ಲಿ ಅದನ್ನು ಹಿಂದೆ ತೆಗೆದುಕೊಳ್ಳಬೇಕಾಯಿತು. ನಮ್ಮ ಭಾಗದಲ್ಲಿ ಊರಚಾಕರಿಯ ವತನ ಕಾನೂನಿನಲ್ಲಿ ಸತ್ತದ್ದು 1961ರ ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ.

ಅಷ್ಟರಲ್ಲಿ ಹಳ್ಳಿಯ ಗಂಟು ಪೇಟೆಯ ಚೀಲವಾಗಿತ್ತು. ಹುಬ್ಬಳ್ಳಿ ಹತ್ತಿಯ ಊರು. 1880ರ ದಶಕದಲ್ಲಿ ರೈಲು ಬಂದ ಮೇಲೆ ಹತ್ತಿಯ ಅಂಡಿಗೆ, ಕಾಳಿನ ಚೀಲ ಹೊರಲು ಬೆನ್ನುಗಳು ಬೇಕಾದವು. ಹೊಲವಿಲ್ಲದವರು, ಕೇರಿಯವರು, ಬಡ ಮುಸಲ್ಮಾನರು ಹಮಾಲರಾದರು. ಇವತ್ತು ಅಮರಗೋಳದ ಮಾರುಕಟ್ಟೆಯಲ್ಲಿ ನಿಂತು ನೋಡಿರಿ. ಮಾಲು ರೈತನದು, ಅಂಗಡಿ ಅಡತಿಯವನದು, ಖರೀದಿ ವ್ಯಾಪಾರಿಯದು, ಲಾರಿ ಇನ್ನೊಬ್ಬನದು. ಹಮಾಲ ಯಾರವನು? 'ನಮ್ಮವ ಅಲ್ಲರಿ, ಅವ ಸ್ವತಂತ್ರ' ಎಂದು ನಾಲ್ವರೂ ಕೈ ತೊಳಕೋಬಹುದು. ಚೀಲ ಎತ್ತಿದ ದಿನ ಕೂಲಿ. ಬೆನ್ನು ಬಾಗಿದ ದಿನ ಮನೆ.

ಮುಂಬಯಿ, ಪುಣೆಯ ಪೇಟೆಗಳಲ್ಲೂ ಇದೇ ಸ್ಥಿತಿ ಇತ್ತು. ಅಲ್ಲಿ ಹಮಾಲರು ಸಂಘ ಕಟ್ಟಿದರು. ಮುಂಬಯಿಯಲ್ಲಿ ಅಣ್ಣಾಸಾಹೇಬ ಪಾಟೀಲ, ಪುಣೆಯಲ್ಲಿ ಹಮಾಲ ಪಂಚಾಯತದ ಬಾಬಾ ಆಢಾವ ಮುಂದೆ ನಿಂತರು. ಹೋರಾಟದ ಫಲವಾಗಿ 1969ರಲ್ಲಿ ಮಹಾರಾಷ್ಟ್ರದ ಮಾಥಾಡಿ ಹಮಾಲರ ಕಾಯ್ದೆ ಬಂತು. ಅದರ ಜಾಣತನ ನೋಡಿರಿ. ಹಮಾಲ ಯಾರವನು ಎಂಬ ತಕರಾರಿಗೇ ಅದು ಸಿಕ್ಕಿಕೊಳ್ಳಲಿಲ್ಲ. ಕೆಲಸ ಮಾಡಿಸಿಕೊಂಡವನು ಮಂಡಳಿಗೆ ಕೂಲಿ ಕಟ್ಟಲಿ, ಕೂಲಿಯ ಮೇಲೆ ಲೆವಿಯನ್ನೂ ಕಟ್ಟಲಿ ಎಂದಿತು. ಆ ಲೆವಿಯಿಂದ ಭವಿಷ್ಯನಿಧಿ, ಉಪದಾನ, ರಜೆ, ಔಷಧೋಪಚಾರ. ಧಣಿ ಬದಲಾದರೂ ಹಕ್ಕು ಹಮಾಲನ ಹೆಸರಿನಲ್ಲೇ ಉಳಿಯುತ್ತದೆ.

ಆದರೆ ಧಾರವಾಡ ಜಿಲ್ಲೆ 1956ರ ನವೆಂಬರ್ 1ರಂದೇ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿತ್ತು. ಏಕೀಕರಣ ನ್ಯಾಯವಾದದ್ದೇ. ಆದರೆ 13 ವರ್ಷದ ನಂತರ ಬಂದ ಹಮಾಲರ ಕಾಯ್ದೆ ನಿಪ್ಪಾಣಿಯ ಆಚೆಗೇ ನಿಂತಿತು. ಹುಬ್ಬಳ್ಳಿಯಲ್ಲಿ ಲಾರಿಗೇರಿದ ಚೀಲ ಪುಣೆಯಲ್ಲಿ ಇಳಿದರೆ, ಇಳಿಸುವವನಿಗೆ ಆ ಕಾಯ್ದೆ ಉಂಟು, ಏರಿಸಿದವನಿಗಿಲ್ಲ! ನಮ್ಮಲ್ಲಿ ಸಹಾಯದ ಯೋಜನೆಗಳು ಬಂದವು, ಗುರುತಿನ ಚೀಟಿಗಳು ಬಂದವು. ಸಹಾಯ ಬೇರೆ, ಹಕ್ಕು ಬೇರೆ.

ಈಗ ಬೈಕಿನ ಹುಡುಗರ ಮಾತಿಗೆ ಬರೋಣ. ದೇಶದಲ್ಲಿ 2020-21ರಲ್ಲಿ ಇಂಥ ಗಿಗ್ ದುಡಿಮೆಗಾರರು 77 ಲಕ್ಷ ಎಂದು ನೀತಿ ಆಯೋಗ ಅಂದಾಜು ಮಾಡಿತ್ತು. ಇವರಿಗಾಗಿ 2023ರಲ್ಲಿ ರಾಜಸ್ಥಾನ ಮೊದಲ ಕಾಯ್ದೆ ಮಾಡಿತು. 2025ರಲ್ಲಿ ಕರ್ನಾಟಕವೂ ಮಾಡಿತು. ಕೆಲಸಗಾರನಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪನಿಯೇ ಕ್ಷೇಮನಿಧಿಗೆ ಶುಲ್ಕ ಕಟ್ಟಬೇಕು. ಕಾರಣ ಹೇಳಿ 14 ದಿನದ ನೋಟೀಸು ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ. ಇದು ಅದೇ ಹಮಾಲರ ನ್ಯಾಯ: ಕೆಲಸ ಯಾರದೋ ಅವರು ಕಟ್ಟಲಿ. ಕಂಪ್ಯೂಟರಿನವರು ಕಂಡುಹಿಡಿದದ್ದಲ್ಲ, ಬೆನ್ನಿನ ಮೇಲೆ ಚೀಲ ಹೊತ್ತವರು ಬೀದಿಯಲ್ಲಿ ಗೆದ್ದದ್ದು.

ಸ್ವತಂತ್ರ ಎಂಬ ಶಬ್ದವನ್ನು ನಾವು ಕಂಪನಿಗಳಿಗೆ ಬಿಟ್ಟುಕೊಡಬೇಕಾಗಿಲ್ಲ. ಬಾಬಾಸಾಹೇಬರು 1936ರಲ್ಲಿ ಕಟ್ಟಿದ್ದು ಸ್ವತಂತ್ರ ಮಜೂರ ಪಕ್ಷ. ಅವರು 'ಸ್ವತಂತ್ರ' ಎಂದು ಬರೆಯುವಾಗ 'ಮಜೂರ' ಎಂಬುದನ್ನು ಅಳಿಸಲಿಲ್ಲ. ಮುಷ್ಕರದ ಹಕ್ಕಿಗೆ ಕೈ ಹಾಕಿದ ಮಸೂದೆಯ ವಿರುದ್ಧ 1938ರ ನವೆಂಬರ್ 7ರಂದು ಆ ಪಕ್ಷ ಮುಂಬಯಿಯಲ್ಲಿ ಗಿರಣಿ ಕಾರ್ಮಿಕರ ಜೊತೆ ಮುಷ್ಕರಕ್ಕೆ ಇಳಿಯಿತು.

ಗೆಳೆಯರೇ, 1928ರ ಮಸೂದೆಯ ಹಿಂದೆ ನ್ಯಾಯವಿತ್ತು, ಸಭೆಯೊಳಗೆ ಬಲವಿರಲಿಲ್ಲ. 1969ರ ಕಾಯ್ದೆಯ ಹಿಂದೆ ಸಂಘವಿತ್ತು. 2025ರ ಕಾಯ್ದೆ ಯಾವ ದಾರಿ ಹಿಡಿಯುತ್ತದೆ ಎನ್ನುವುದು ಬೆಂಗಳೂರಿನಲ್ಲಿ ಕೂತ ಮಂಡಳಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಹಳ್ಳಿಯ ಮಾಸ್ತರರು ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಕೇಳಲಿ: ತಮ್ಮಾ, ಮಂಡಳಿಯೊಳಗ ನಿನ್ನ ಹೆಸರು ಐತೇನು? ಹಾಸ್ಟೆಲಿನ ಹುಡುಗರು ಬೈಕಿನ ಗೆಳೆಯರ ಜೊತೆ ಕೂತು ಕಾಯ್ದೆ ಓದಲಿ. ಆಮೇಲೆ ಎಲ್ಲರೂ ಕೂಡಿ ಅಮರಗೋಳಕ್ಕೆ ಹೋಗಿ ಇನ್ನೊಂದು ಪ್ರಶ್ನೆ ಎತ್ತೋಣ: ಬೈಕಿನ ಚೀಲಕ್ಕೆ ಬಂದ ನ್ಯಾಯ ಹಮಾಲನ ಚೀಲಕ್ಕೆ ಯಾಕ ಬರಬಾರದು?